ಅರ್ಧ ಕೇಳಿದ ಮಾತು, ಪೂರ್ತಿ ಹೋದ ಜೀವ

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ‘ಈ ಮಾತುಗಳನ್ನು ಸಂದರ್ಭ ಸಹಿತ ವಿವರಿಸಿರಿ.’ ಉತ್ತರ ಬರೆಯುವ ಕ್ರಮ ಎಲ್ಲ ವಿದ್ಯಾರ್ಥಿಗಳಿಗೂ ಬಾಯಿಪಾಠ. ಮೊದಲು ಆಯ್ಕೆ: ಮಾತು ಯಾವ ಪಾಠದ್ದು, ಅದನ್ನು ಬರೆದವರು ಯಾರು. ಆಮೇಲೆ ಸಂದರ್ಭ: ಯಾರು, ಯಾರಿಗೆ, ಯಾವಾಗ ಹೇಳಿದ್ದು. ಕೊನೆಗೆ ಸ್ವಾರಸ್ಯ. ದುರ್ಯೋಧನ ಆಡಿದ ಮಾತನ್ನು ಕವಿ ರನ್ನನ ಸ್ವಂತ ಅಭಿಪ್ರಾಯ ಎಂದು ಬರೆದರೆ ಅಂಕ ಸೊನ್ನೆ. ಮಾಸ್ತರರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮುಂದಿನ ಉತ್ತರಕ್ಕೆ ಹೋಗುತ್ತಾರೆ.

ಈ ಚಿಕ್ಕ ನಿಯಮವನ್ನು ಪರೀಕ್ಷಾ ಕೊಠಡಿಯ ಹೊರಗೆ ಮರೆತರೆ ಏನಾಗಬಹುದು? ಧಾರವಾಡದ ಜನ ಅದನ್ನು ಕಣ್ಣಾರೆ ಕಂಡಿದ್ದಾರೆ.

2015ರ ಆಗಸ್ಟ್ 30, ಭಾನುವಾರ. ಬೆಳಗಿನ ಎಂಟೂಮುಕ್ಕಾಲರ ಸುಮಾರು. ಕಲ್ಯಾಣನಗರದ ಮನೆಯೊಂದರ ಮುಂದೆ ಮೋಟಾರ್ ಸೈಕಲ್ ಬಂದು ನಿಂತಿತು. ಬಂದವರು ಇಬ್ಬರು. ಒಬ್ಬ ಬಾಗಿಲ ಬಳಿಗೆ ಬಂದು ‘ಸರ್ ಇದ್ದಾರಾ’ ಎಂದು ವಿಚಾರಿಸಿದ. ಆ ಮನೆಗೆ ವಿದ್ಯಾರ್ಥಿಗಳು, ಸಂಶೋಧಕರು, ಊರಿನಿಂದ ಬಂದವರು ಹೊತ್ತು ಗೊತ್ತಿಲ್ಲದೆ ಬರುತ್ತಿದ್ದರು. ಇವನೂ ಅಂಥವನೇ ಒಬ್ಬ ಎಂದು ಮನೆಯವರು ಭಾವಿಸಿದರೆ ಆಶ್ಚರ್ಯವಿಲ್ಲ. ಹೊರಗೆ ಬಂದ ಗುರುಗಳ ಹಣೆಗೆ ಗುಂಡು ಹಾರಿಸಿ ಆತ ಓಡಿಹೋದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಡಿದವರು ಡಾ. ಎಂ.ಎಂ. ಕಲಬುರ್ಗಿ. ವಯಸ್ಸು 76.

ಯಾರು ಈ ಗುರುಗಳು?

ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿಯವರು ಹುಟ್ಟಿದ್ದು 1938ರ ನವೆಂಬರ್ 28ರಂದು, ಆಗಿನ ವಿಜಾಪುರ ಜಿಲ್ಲೆಯ ಗುಬ್ಬೇವಾಡ ಗ್ರಾಮದಲ್ಲಿ. ಓದಿಗೆಂದು ಧಾರವಾಡಕ್ಕೆ ಬಂದವರು ಇಲ್ಲಿಯೇ ನೆಲೆ ನಿಂತರು. ಕರ್ನಾಟಕ ಕಾಲೇಜಿನಲ್ಲಿ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಲ್ಲಿ ಪಾಠ ಹೇಳಿದರು. 1998ರಿಂದ 2001ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ‘ಮಾರ್ಗ’ ಎಂಬ ಹೆಸರಿನಲ್ಲಿ ಅವರ ಸಂಶೋಧನ ಲೇಖನಗಳು ಸಂಪುಟ ಸಂಪುಟವಾಗಿ ಹೊರಬಂದವು. ಅದರ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅವರ ಕೆಲಸದ ರೀತಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಪರಕೀಯ ಎನಿಸುವಂಥದ್ದಲ್ಲ. ಹಾಳುಬಿದ್ದ ಗುಡಿಯ ಶಾಸನವನ್ನು ಅಕ್ಷರ ಅಕ್ಷರವಾಗಿ ಓದುವುದು. ಒಂದೇ ವಚನದ ಹತ್ತು ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಯಾವುದು ಮೂಲ ಪಾಠ, ಯಾವುದು ನಕಲು ಮಾಡಿದವನ ಕೈತಪ್ಪು ಎಂದು ಹುಡುಕುವುದು. ಆಧಾರ ಸಿಕ್ಕರೆ ಹೇಳುವುದು, ಹೊಸ ಆಧಾರ ಸಿಕ್ಕರೆ ಹಳೆಯದನ್ನು ತಿದ್ದಿಕೊಳ್ಳುವುದು. ‘ಶಾಸನಗಳಲ್ಲಿ ಶಿವಶರಣರು’ ಎಂಬ ಅವರ ಪುಸ್ತಕದ ಹೆಸರೇ ಅವರ ದಾರಿಯನ್ನು ತೋರಿಸುತ್ತದೆ: ಪುರಾಣದಲ್ಲಿ ಕೇಳಿದ್ದನ್ನು ಕಲ್ಲಿನ ಮೇಲೆ ಬರೆದದ್ದರ ಪಕ್ಕದಲ್ಲಿಟ್ಟು ನೋಡುವುದು.

ಹೀಗೆ ನೋಡುವವರು ಎಲ್ಲರಿಗೂ ಪ್ರಿಯರಾಗುವುದಿಲ್ಲ. 1989ರಲ್ಲಿ ‘ಮಾರ್ಗ’ದ ಮೊದಲ ಸಂಪುಟದ ಕೆಲವು ಲೇಖನಗಳ ವಿಷಯದಲ್ಲಿ ದೊಡ್ಡ ವಿವಾದ ಎದ್ದಿತು. ಶರಣರ ಬಗ್ಗೆ ಆಡಿದ ಕೆಲವು ಮಾತುಗಳನ್ನು ಅವರು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಆಗ ನಡೆದದ್ದು ಮಾತಿನ ಜಗಳ. ಪಿಸ್ತೂಲು ಬಂದಿರಲಿಲ್ಲ.

ಮಾತು ಯಾರದು?

2014ರ ಜೂನ್ 9ರಂದು ಬೆಂಗಳೂರಿನಲ್ಲಿ ಒಂದು ವಿಚಾರ ಸಭೆ ಸೇರಿತ್ತು. ಮೂಢನಂಬಿಕೆ ತಡೆಗೆ ರಾಜ್ಯ ಸರ್ಕಾರ ತರಲು ಹೊರಟಿದ್ದ ಮಸೂದೆಯೇ ಅಂದಿನ ಚರ್ಚೆಯ ವಸ್ತು. ಅಲ್ಲಿ ಮಾತನಾಡುತ್ತ ಕಲಬುರ್ಗಿಯವರು ಯು.ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪುಸ್ತಕದ ಒಂದು ಪ್ರಸಂಗವನ್ನು ನೆನಪಿಸಿದರು. ಅನಂತಮೂರ್ತಿಯವರು ತಮ್ಮ ಬಾಲ್ಯದ ಕಥೆಯನ್ನು ಅಲ್ಲಿ ಹೇಳಿಕೊಂಡಿದ್ದಾರೆ. ಊರ ಜನ ದೈವವಿದೆ ಎಂದು ನಂಬಿ ಹೆದರುತ್ತಿದ್ದ ಕಲ್ಲುಗಳಿದ್ದವು. ಮುಟ್ಟಿದರೆ ಏನಾಗುತ್ತದೆಯೋ ನೋಡಿಯೇ ಬಿಡೋಣ ಎಂದು ಹುಡುಗ ಯಾರಿಗೂ ಕಾಣದಂತೆ ಹೋಗಿ ಅವುಗಳ ಮೇಲೆ ಮೂತ್ರ ಮಾಡಿ ಬಂದ. ಏನೂ ಆಗಲಿಲ್ಲ. ಭಯ ಮತ್ತು ಕುತೂಹಲ ಒಂದೇ ಮನಸ್ಸಿನಲ್ಲಿ ಹೇಗೆ ಕಾದಾಡುತ್ತವೆ ಎಂಬುದಕ್ಕೆ ದೊಡ್ಡವನಾದ ಲೇಖಕ ಕೊಟ್ಟ ಉದಾಹರಣೆ ಅದು.

‘ಸಂದರ್ಭ ಸಹಿತ ವಿವರಿಸಿ’ ಎಂದರೆ ಉತ್ತರ ಸುಲಭ. ಮಾತು ಅನಂತಮೂರ್ತಿಯವರದು. ಪುಸ್ತಕ ಇಂಥದ್ದು. ಉದ್ಧರಿಸಿದವರು ಕಲಬುರ್ಗಿ. ಸಂದರ್ಭ, ಮಸೂದೆಯ ಮೇಲಿನ ಚರ್ಚೆ.

ಹೊರಗೆ ಹರಡಿದ ಸುದ್ದಿಯಲ್ಲಿ ಆಯ್ಕೆಯೂ ಇರಲಿಲ್ಲ, ಸಂದರ್ಭವೂ ಇರಲಿಲ್ಲ. ‘ದೇವರ ಮೂರ್ತಿಯ ಮೇಲೆ ಮೂತ್ರ ಮಾಡಿದರೂ ಏನೂ ಆಗುವುದಿಲ್ಲ ಎಂದು ಕಲಬುರ್ಗಿ ಹೇಳಿದರು’ ಎಂಬಷ್ಟೇ ಉಳಿಯಿತು. ಇನ್ನೊಬ್ಬರ ಪುಸ್ತಕದ ಪ್ರಸಂಗ ಇವರ ಉಪದೇಶವಾಯಿತು. ಊರ ಕಲ್ಲು ಗುಡಿಯ ಮೂರ್ತಿಯಾಯಿತು. ಹುಡುಗನೊಬ್ಬನ ಕುತೂಹಲ ಮುದುಕರೊಬ್ಬರ ಧರ್ಮದ್ರೋಹವಾಯಿತು. ಪ್ರತಿಭಟನೆಗಳು ನಡೆದವು, ಪೊಲೀಸರಿಗೆ ದೂರು ಹೋಯಿತು. ಮನೆಗೆ ಕೆಲಕಾಲ ಪೊಲೀಸ್ ಕಾವಲು ಹಾಕಬೇಕಾಯಿತು. ಮುಂದೆ ಅವರೇ ಬೇಡವೆಂದ ಮೇಲೆ ಅದನ್ನು ತೆಗೆಯಲಾಯಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕಲಬುರ್ಗಿಯವರ ವಿಚಾರಗಳನ್ನು ಒಪ್ಪದವರು ಬಹಳ ಮಂದಿ ಇದ್ದರು, ಈಗಲೂ ಇದ್ದಾರೆ. ವಿಗ್ರಹಾರಾಧನೆಯ ಬಗ್ಗೆ, ಲಿಂಗಾಯತ ಧರ್ಮದ ಸ್ವರೂಪದ ಬಗ್ಗೆ ಅವರ ನಿಲುವು ಹಲವರಿಗೆ ಹಿಡಿಸುತ್ತಿರಲಿಲ್ಲ. ಒಪ್ಪದಿರುವುದು ತಪ್ಪಲ್ಲ. ಅದಕ್ಕೆ ಪತ್ರಿಕೆ ಇದೆ, ಸಭೆ ಇದೆ, ಪ್ರತಿಯಾಗಿ ಬರೆಯುವ ಪುಸ್ತಕ ಇದೆ. ನಿಜಕ್ಕೂ ಮನಸ್ಸಿಗೆ ಘಾಸಿಯಾಗಿದ್ದರೆ ನ್ಯಾಯಾಲಯವೂ ಇದೆ. ಧಾರ್ಮಿಕ ಭಾವನೆಗೆ ಅಪಚಾರ ಮಾಡುವುದನ್ನು ಅಪರಾಧವೆಂದು ಹೇಳುವ 295ಎ ಕಲಮು 1927ರಲ್ಲಿಯೇ ಭಾರತೀಯ ದಂಡ ಸಂಹಿತೆಗೆ ಸೇರಿತ್ತು. ಆದರೆ ಆ ಕಲಮಿನಲ್ಲಿ ಎರಡು ಶಬ್ದಗಳಿವೆ: ‘ಉದ್ದೇಶಪೂರ್ವಕ’ ಮತ್ತು ‘ದುರುದ್ದೇಶದ’. ಬಾಯಿತಪ್ಪಿ ಆಡಿದ, ಅಜಾಗರೂಕತೆಯಿಂದ ಆಡಿದ ಮಾತಿಗೆ ಅದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ವಿವರಿಸಿತು. ಅಂದರೆ ಕಾನೂನು ಕೂಡ ಕೇಳುವುದು ಕನ್ನಡ ಮಾಸ್ತರರ ಪ್ರಶ್ನೆಯನ್ನೇ: ಯಾರು, ಯಾರಿಗೆ, ಯಾಕೆ ಹೇಳಿದರು?

ಪಿಸ್ತೂಲು ಹಿಡಿದವನು ಆ ಪ್ರಶ್ನೆಯನ್ನು ಕೇಳಲಿಲ್ಲ. ಈ ಕೊಲೆಯ ಸಂಚಿಗೆ ಮೂಲವೇ 2014ರ ಜೂನ್ 9ರ ಆ ಭಾಷಣ ಎಂದು ಮುಂದೆ ತನಿಖಾ ತಂಡ ತನ್ನ ಆರೋಪಪಟ್ಟಿಯಲ್ಲಿ ಹೇಳಿತು. ಭಾಷಣದಿಂದ ಕೊಲೆಯವರೆಗೆ ಹದಿನಾಲ್ಕು ತಿಂಗಳಿಗೂ ಹೆಚ್ಚು ಸಮಯ ಸಿಕ್ಕಿತ್ತು. ಆ ಅವಧಿಯಲ್ಲಿ ಪುಸ್ತಕದ ಅಂಗಡಿಗೆ ಹೋಗಿ ಅನಂತಮೂರ್ತಿಯವರ ಪುಸ್ತಕ ತೆರೆದು ನೋಡಲು ಒಂದು ಮಧ್ಯಾಹ್ನ ಸಾಕಾಗುತ್ತಿತ್ತು.

ಗುಂಡು ಹೇಳಿದ ಸಾಕ್ಷಿ

ಕೊಲೆಯ ತನಿಖೆಯನ್ನು ರಾಜ್ಯ ಸರ್ಕಾರ ಸಿಐಡಿಗೆ ಒಪ್ಪಿಸಿತು. ಶಂಕಿತರ ರೇಖಾಚಿತ್ರಗಳು ಹೊರಬಂದವು. ತಿಂಗಳುಗಳು ಕಳೆದವು, ವರ್ಷ ಕಳೆಯಿತು, ಯಾರ ಸುಳಿವೂ ಹತ್ತಲಿಲ್ಲ. ಈ ನಡುವೆ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಿನಲ್ಲಿ ಗುಂಡಿಟ್ಟು ಕೊಂದರು. ಅಲ್ಲಿಯೂ ಬಳಕೆಯಾದದ್ದು 7.65 ಮಿಲಿಮೀಟರ್ ಗುಂಡು ಹಾರಿಸುವ ನಾಡ ಪಿಸ್ತೂಲು. ಎರಡೂ ಕಡೆ ಸಿಕ್ಕ ಗುಂಡು ಮತ್ತು ತೋಟಾಗಳನ್ನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದರು. ಎರಡೂ ಹಾರಿದ್ದು ಒಂದೇ ಪಿಸ್ತೂಲಿನಿಂದ ಎಂದು ವರದಿ ಬಂತು.

ಪಿಸ್ತೂಲು ಕೈಗೆ ಸಿಗದೆ ಇದು ಹೇಗೆ ಸಾಧ್ಯ? ವಿದ್ಯಾರ್ಥಿಗಳು ಇದನ್ನು ತಿಳಿಯಬೇಕು.

ಒಂದು ತೋಟಾದಲ್ಲಿ ನಾಲ್ಕು ಭಾಗ. ಹೊರಗೆ ಹಿತ್ತಾಳೆಯ ಕವಚ, ಅದರ ತಳದಲ್ಲಿ ಸಣ್ಣ ಸ್ಫೋಟಕ ಬಟ್ಟಲು, ಒಳಗೆ ಮದ್ದು, ತುದಿಗೆ ಗುಂಡು. ಕುದುರೆ ಎಳೆದಾಗ ಪಿಸ್ತೂಲಿನ ಮೊಳೆ ತಳದ ಬಟ್ಟಲಿಗೆ ಬಡಿಯುತ್ತದೆ. ಕಿಡಿ ಹಾರಿ ಮದ್ದು ಕ್ಷಣಾರ್ಧದಲ್ಲಿ ಉರಿದು ಅನಿಲವಾಗುತ್ತದೆ. ಆ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುತ್ತದೆ, ಕವಚವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಇಲ್ಲಿಯೂ ನೆನೆಯಬಹುದು.

ಈ ನೂಕಾಟದಲ್ಲಿ ಮೆತ್ತನೆಯ ಲೋಹದ ಮೇಲೆ ಗಟ್ಟಿ ಉಕ್ಕು ತನ್ನ ಸಹಿ ಹಾಕುತ್ತದೆ. ಮೊಳೆಯ ತುದಿ ಬಟ್ಟಲಿನಲ್ಲಿ ಒಂದು ಗುಳಿ ಮಾಡುತ್ತದೆ. ಆ ತುದಿಯನ್ನು ಅರದಿಂದ ಉಜ್ಜಿದಾಗ ಉಳಿದ ಗೀರುಗಳು ಗುಳಿಯಲ್ಲಿ ಅಚ್ಚಾಗುತ್ತವೆ. ಹಿಂದಕ್ಕೆ ಬಡಿದ ಕವಚದ ತಳದ ಮೇಲೆ ಪಿಸ್ತೂಲಿನ ಒಳಗೋಡೆಯ ಗುರುತು ಬೀಳುತ್ತದೆ. ಕೊಳವೆಯಲ್ಲಿ ಉಜ್ಜಿಕೊಂಡು ಹೋದ ಗುಂಡಿನ ಮೈಮೇಲೆ ಉದ್ದುದ್ದ ಗೆರೆಗಳು ಮೂಡುತ್ತವೆ. ಒಂದೇ ಕಮ್ಮಾರಸಾಲೆಯಲ್ಲಿ, ಒಂದೇ ಅರದಿಂದ ಮಾಡಿದ ಎರಡು ಪಿಸ್ತೂಲುಗಳಲ್ಲಿಯೂ ಈ ಗೀರುಗಳು ಒಂದೇ ಬಗೆಯಾಗಿರುವುದು ಕಷ್ಟ.

ಇವುಗಳನ್ನು ಹೋಲಿಸಲು ಒಂದು ವಿಶೇಷ ಸೂಕ್ಷ್ಮದರ್ಶಕವಿದೆ. ಎರಡು ಸೂಕ್ಷ್ಮದರ್ಶಕಗಳನ್ನು ಅಕ್ಕಪಕ್ಕ ನಿಲ್ಲಿಸಿ ಗಾಜಿನ ಪಟ್ಟಕಗಳ ಸೇತುವೆಯಿಂದ ಜೋಡಿಸಿದರೆ, ನೋಡುವ ಕಣ್ಣಿಗೆ ಒಂದೇ ವೃತ್ತದಲ್ಲಿ ಅರ್ಧ ಭಾಗ ಮೊದಲ ಗುಂಡು, ಇನ್ನರ್ಧ ಎರಡನೆಯ ಗುಂಡು ಕಾಣುತ್ತದೆ. ಒಂದನ್ನು ನಿಧಾನವಾಗಿ ತಿರುಗಿಸುತ್ತ ಹೋದಾಗ ಗೆರೆಗೆ ಗೆರೆ ಕೂಡಿಕೊಂಡರೆ ತಜ್ಞ ‘ಎರಡೂ ಒಂದೇ ಆಯುಧದವು’ ಎನ್ನುತ್ತಾನೆ. 1920ರ ದಶಕದಲ್ಲಿ ಅಮೆರಿಕದ ಕಾಲ್ವಿನ್ ಗೊಡಾರ್ಡ್ ಮತ್ತು ಅವನ ಸಂಗಡಿಗರು ಈ ವಿಧಾನವನ್ನು ಅಪರಾಧ ಪತ್ತೆಗೆ ಬಳಕೆಗೆ ತಂದರು. ಹಸ್ತಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಅಕ್ಷರ ಕೂಡಿಸಿ ನೋಡುತ್ತಿದ್ದ ಕಲಬುರ್ಗಿಯವರ ಕೊಲೆಯ ಸುಳಿವು ಇಂಥದೇ ಅಕ್ಕಪಕ್ಕದ ಹೋಲಿಕೆಯಿಂದ ಸಿಕ್ಕಿತು.

ವಿಜ್ಞಾನದ ಮಿತಿಯನ್ನೂ ಹೇಳದಿದ್ದರೆ ಪಾಠ ಅರ್ಧವಾಗುತ್ತದೆ. ಗೆರೆಗಳು ಕೂಡಿದವೋ ಇಲ್ಲವೋ ಎಂದು ಕೊನೆಗೆ ನಿರ್ಧರಿಸುವುದು ತಜ್ಞನ ಕಣ್ಣು. ಈ ಹೋಲಿಕೆ ಎಷ್ಟು ಬಾರಿ ತಪ್ಪಬಹುದು ಎಂಬುದರ ಬಗ್ಗೆ ಇನ್ನೂ ಗಟ್ಟಿಯಾದ ಅಧ್ಯಯನ ಬೇಕು ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ ಎಚ್ಚರಿಸಿತು. ಹೀಗಾಗಿ ನಮ್ಮ ನ್ಯಾಯಾಲಯಗಳಲ್ಲಿಯೂ ಪ್ರಯೋಗಾಲಯದ ವರದಿ ‘ತಜ್ಞರ ಅಭಿಪ್ರಾಯ’ ಎನಿಸಿಕೊಳ್ಳುತ್ತದೆ. ಆರೋಪಿಗಳ ವಕೀಲರು ತಜ್ಞನನ್ನು ಕಟಕಟೆಗೆ ಕರೆದು ಪಾಟಿ ಸವಾಲು ಹಾಕಬಹುದು. ಹಾಕಲೇಬೇಕು. ಇನ್ನೊಂದು ಮಾತು: ಎರಡು ಗುಂಡು ಒಂದೇ ಪಿಸ್ತೂಲಿನವು ಎಂದು ವಿಜ್ಞಾನ ಹೇಳಬಲ್ಲದು. ಆ ಪಿಸ್ತೂಲು ಯಾರ ಕೈಯಲ್ಲಿತ್ತು ಎಂಬುದನ್ನು ಬೇರೆ ಸಾಕ್ಷಿಯಿಂದ ತೋರಿಸಬೇಕು.

ನ್ಯಾಯದ ಉದ್ದ ದಾರಿ

ಗೌರಿ ಲಂಕೇಶ್ ಪ್ರಕರಣದ ತನಿಖೆಗೆ ರಚಿಸಿದ್ದ ವಿಶೇಷ ತನಿಖಾ ತಂಡ 2018ರಲ್ಲಿ ಒಬ್ಬೊಬ್ಬರನ್ನಾಗಿ ಬಂಧಿಸತೊಡಗಿತು. ಕಲಬುರ್ಗಿಯವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. ಗಂಡನನ್ನು ಕಳೆದುಕೊಂಡ ಹಿರಿಯ ಹೆಣ್ಣುಮಗಳು ಧಾರವಾಡದಿಂದ ದಿಲ್ಲಿಯವರೆಗೆ ನ್ಯಾಯ ಕೇಳಿಕೊಂಡು ಹೋಗಬೇಕಾಯಿತು. 2019ರ ಫೆಬ್ರವರಿ 26ರಂದು ಸುಪ್ರೀಂ ಕೋರ್ಟ್ ಈ ಪ್ರಕರಣವನ್ನೂ ಅದೇ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು. ತನಿಖೆಯ ಮೇಲ್ವಿಚಾರಣೆ ಹೈಕೋರ್ಟಿನ ಧಾರವಾಡ ಪೀಠದ ಹೊಣೆಯಾಯಿತು. ಆರು ತಿಂಗಳೊಳಗೆ, ಅದೇ ಆಗಸ್ಟ್‌ನಲ್ಲಿ, ತಂಡ ಆರು ಮಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿತು.

ಇಲ್ಲಿಂದ ಮುಂದೆ ವಿದ್ಯಾರ್ಥಿಗಳು ಶಬ್ದಗಳನ್ನು ಎಚ್ಚರದಿಂದ ಬಳಸಬೇಕು. ಆರೋಪಪಟ್ಟಿ ಎಂಬುದು ತನಿಖೆ ಮಾಡಿದವರ ಹೇಳಿಕೆ. ಅದರಲ್ಲಿ ಹೆಸರು ಬಂದವನು ‘ಆರೋಪಿ’. ನ್ಯಾಯಾಧೀಶರ ಎದುರು ಸಾಕ್ಷಿಗಳ ವಿಚಾರಣೆ ನಡೆದು, ಪಾಟಿ ಸವಾಲು ಮುಗಿದು, ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾದ ಮೇಲೆ ಮಾತ್ರ ಅವನು ‘ಅಪರಾಧಿ’. ಪೊಲೀಸರ ಎದುರು ‘ಹೌದು, ನಾನೇ ಮಾಡಿದೆ’ ಎಂದು ಹೇಳಿದರೂ ಆ ಒಪ್ಪಿಗೆಯನ್ನು ನ್ಯಾಯಾಲಯ ಸಾಕ್ಷಿ ಎಂದು ಸ್ವೀಕರಿಸುವುದಿಲ್ಲ. ಹೆದರಿಸಿ, ಹೊಡೆದು ಹೇಳಿಸಿರಬಹುದಲ್ಲ?

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಕಲಮು 302 ಇದ್ದದ್ದು 103 ಆಗಿದೆ. ಆದರೆ 2015ರಲ್ಲಿ ನಡೆದ ಕೃತ್ಯವನ್ನು ಅಳೆಯುವುದು 2015ರ ಕಾನೂನಿನಿಂದಲೇ. ಕೃತ್ಯ ನಡೆದ ದಿನ ಇದ್ದ ಕಾನೂನಿಗಿಂತ ಬೇರೆಯದರಿಂದ ಯಾರನ್ನೂ ಶಿಕ್ಷಿಸಬಾರದು ಎಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ.

ಹತ್ಯೆಯಾಗಿ ಹತ್ತು ವರ್ಷ ತುಂಬಿದ 2025ರ ಆಗಸ್ಟ್ 30ರಂದೂ ಈ ಮೊಕದ್ದಮೆಯ ತೀರ್ಪು ಬಂದಿರಲಿಲ್ಲ. ಇದು ಬೇಸರದ ಸಂಗತಿ. ಸಾಕ್ಷಿಗಳಿಗೆ ವಯಸ್ಸಾಗುತ್ತದೆ, ನೆನಪು ಮಾಸುತ್ತದೆ. ಆರೋಪಿಗಳಲ್ಲಿ ನಿರಪರಾಧಿ ಇದ್ದರೆ ಅವನ ಯೌವನವೂ ಕಳೆದುಹೋಗುತ್ತದೆ. ಆದರೂ ಅವಸರದಲ್ಲಿ ಯಾರನ್ನಾದರೂ ಹಿಡಿದು ಶಿಕ್ಷಿಸಿದರೆ ಅದು ಇನ್ನೊಂದು ಸುಳ್ಳು ಆರೋಪವಾದೀತು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಲೆಯಾದ ಡಾ. ನರೇಂದ್ರ ದಾಭೋಲ್ಕರ್ ಪ್ರಕರಣವನ್ನು ಇಲ್ಲಿ ನೆನೆಯಬಹುದು. ಅವರೂ ಮೂಢನಂಬಿಕೆಯ ವಿರುದ್ಧ ದುಡಿದವರು. 2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಮೂವರನ್ನು ಬಿಡುಗಡೆ ಮಾಡಿತು. ಸಾಕ್ಷ್ಯ ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿಯವರೆಗೆ ಮಾತ್ರ ಶಿಕ್ಷೆ. ಕೊಂದವರು ಈ ಎಚ್ಚರವನ್ನು ಸತ್ತವರಿಗೆ ತೋರಲಿಲ್ಲ. ನ್ಯಾಯಾಲಯ ಅದನ್ನು ಆರೋಪಿಗಳಿಗೂ ತೋರುತ್ತದೆ. ಎರಡರ ನಡುವಿನ ಅಂತರವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ತಂದೆತಾಯಿಗಳ ಕೆಲಸ.

ಕಲಬುರ್ಗಿಯವರು ಚರ್ಚಿಸಲು ಹೋಗಿದ್ದ ಆ ಮಸೂದೆಯ ಗತಿ ಏನಾಯಿತು? ಬಹಳ ತಿದ್ದುಪಡಿಗಳ ನಂತರ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಕಾಯಿದೆಯಾಗಿ ವಿಧಾನಮಂಡಲದಲ್ಲಿ ಅಂಗೀಕಾರವಾಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಅದನ್ನು ನೋಡಲು ಅವರು ಇರಲಿಲ್ಲ.

ಹಳೆಯ ಕಥೆ, ಅದೇ ರೋಗ

ಇದು ಧಾರವಾಡಕ್ಕೆ ಮಾತ್ರ ಬಂದ ಕೇಡಲ್ಲ. ಕ್ರಿ.ಶ. 415ರಲ್ಲಿ ಈಜಿಪ್ತಿನ ಅಲೆಕ್ಸಾಂಡ್ರಿಯ ನಗರದಲ್ಲಿ ಹೈಪೇಶಿಯ ಎಂಬ ಗಣಿತಜ್ಞೆ ಇದ್ದಳು. ದೂರದ ಊರುಗಳಿಂದ ವಿದ್ಯಾರ್ಥಿಗಳು ಅವಳಲ್ಲಿ ಗಣಿತ, ಖಗೋಳ, ತತ್ತ್ವಶಾಸ್ತ್ರ ಕಲಿಯಲು ಬರುತ್ತಿದ್ದರು. ಆಗ ನಗರದ ರಾಜ್ಯಪಾಲನಿಗೂ ಕ್ರೈಸ್ತ ಧರ್ಮಾಧ್ಯಕ್ಷನಿಗೂ ವಿರಸವಿತ್ತು. ಇಬ್ಬರೂ ಒಂದಾಗದಂತೆ ತಡೆಯುತ್ತಿರುವವಳು ಹೈಪೇಶಿಯಳೇ ಎಂಬ ಪುಕಾರು ಹಬ್ಬಿತು. ಗುಂಪೊಂದು ಅವಳನ್ನು ರಥದಿಂದ ಎಳೆದು ಕೊಂದಿತು. ಅವಳ ಕಾಲಕ್ಕೆ ಹತ್ತಿರದಲ್ಲಿದ್ದ ಇತಿಹಾಸಕಾರನೊಬ್ಬ, ತಾನೂ ಕ್ರೈಸ್ತನಾಗಿದ್ದು, ಇದನ್ನು ನಾಚಿಕೆಗೇಡು ಎಂದೇ ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ, ಕ್ರಿ.ಪೂ. 399ರಲ್ಲಿ, ಯುವಕರನ್ನು ಕೆಡಿಸಿದ ಮತ್ತು ನಗರದ ದೇವರುಗಳನ್ನು ನಂಬಲಿಲ್ಲ ಎಂಬ ಆರೋಪದ ಮೇಲೆ ಅಥೆನ್ಸಿನ ಸಾಕ್ರೆಟೀಸನಿಗೆ ವಿಷ ಕುಡಿಸಿದರು. ಕಾಲ ಬೇರೆ, ಧರ್ಮ ಬೇರೆ, ಊರು ಬೇರೆ. ಬೇರೆಯವರ ಬಾಯಿಂದ ಕೇಳಿದ್ದನ್ನು ಪರೀಕ್ಷಿಸದೆ ತೀರ್ಪು ಕೊಡುವ ರೋಗ ಒಂದೇ. ಅದು ಯಾವ ಧರ್ಮದ ಸೊತ್ತೂ ಅಲ್ಲ.

ಕಲಬುರ್ಗಿಯವರ ಕೊಲೆಯಾದ ನಂತರ ದೇಶದ ಮೂವತ್ತಕ್ಕೂ ಹೆಚ್ಚು ಲೇಖಕರು ತಮ್ಮ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳನ್ನು ಮರಳಿಸಿದರು. 2015ರ ಅಕ್ಟೋಬರ್ 23ರಂದು ಅಕಾಡೆಮಿ ತುರ್ತು ಸಭೆ ಸೇರಿ ಕೊಲೆಯನ್ನು ಖಂಡಿಸಿತು. ಇವು ಪತ್ರಿಕೆಗಳ ಮೊದಲ ಪುಟದ ಸುದ್ದಿಗಳು. ಹುಬ್ಬಳ್ಳಿ-ಧಾರವಾಡದ ಮನೆಗಳವರು ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಆರೋಪಪಟ್ಟಿಯಲ್ಲಿ ಹೆಸರು ಬಂದ ಆರು ಮಂದಿಯಲ್ಲಿ ಇಬ್ಬರು ಹುಬ್ಬಳ್ಳಿಯವರೇ. ಅವರು ಅಪರಾಧಿಗಳು ಹೌದೋ ಅಲ್ಲವೋ ನ್ಯಾಯಾಲಯ ಹೇಳುತ್ತದೆ. ಆದರೆ ಇಂಥ ಪ್ರಕರಣದಲ್ಲಿ ತಮ್ಮ ಓಣಿಯ ಹುಡುಗರ ಹೆಸರು ಕೇಳಿಬಂದಾಗ ಯಾವ ತಾಯಿಗೂ ಊಟ ರುಚಿಸದು. ಸಿಟ್ಟಿಗೇಳುವ ವಯಸ್ಸಿನ ಹುಡುಗರಿಗೆ ಯಾರೋ ಒಬ್ಬರು ಅರ್ಧ ವಾಕ್ಯ ತಂದು ಕೊಡುತ್ತಾರೆ. ಆಗ ‘ಉಳಿದರ್ಧ ಎಲ್ಲಿದೆ ತಮ್ಮಾ’ ಎಂದು ಕೇಳುವ ಒಬ್ಬ ಅಪ್ಪ, ಒಬ್ಬ ಅಕ್ಕ, ಒಬ್ಬ ಮಾಸ್ತರ್ ಪಕ್ಕದಲ್ಲಿ ಇರಬೇಕು. ಇಲ್ಲದಿದ್ದರೆ ಆ ಅರ್ಧವೇ ಪೂರ್ತಿಯಾಗುತ್ತದೆ.

ಈಗ ಮೊಬೈಲು ಬಂದ ಮೇಲೆ ಅರ್ಧ ವಾಕ್ಯಗಳ ಓಡಾಟ ಹೆಚ್ಚಿದೆ. ಒಬ್ಬ ಐವರಿಗೆ ಕಳಿಸಿ, ಆ ಐವರು ತಲಾ ಐವರಿಗೆ ಕಳಿಸುತ್ತ ಹೋದರೆ ಎಂಟನೆಯ ಸುತ್ತಿನಲ್ಲಿ ಸುದ್ದಿ ತಲುಪುವವರ ಸಂಖ್ಯೆ 3,90,625. ಐದನ್ನು ಎಂಟು ಬಾರಿ ಗುಣಿಸಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ತಿದ್ದುಪಡಿಯ ಸುದ್ದಿ ಹಿಂದಿನಿಂದ ಹೊರಟು ಅಷ್ಟೂ ಜನರನ್ನು ಮುಟ್ಟುವುದು ಅಪರೂಪ. ಸರಪಳಿಯನ್ನು ತಡೆಯಬಲ್ಲವನು ಮೊದಲ ಎರಡು ಸುತ್ತುಗಳಲ್ಲಿ ಇರುವವನು.

ಮನೆಯಲ್ಲಿ ಮಾಡಿ ನೋಡಿ

ಈ ವಾರದ ಪ್ರಯೋಗಕ್ಕೆ ಬೇಕಾದದ್ದು ಬಟ್ಟೆ ಸೋಪಿನ ಒಂದು ತುಂಡು, ಮೂರು ಹಳೆಯ ಬಾಚಣಿಗೆ, ಒಂದು ಭೂತಗನ್ನಡಿ. ಸೋಪನ್ನು ಆರು ಚೂರು ಮಾಡಿ. ಪ್ರತಿ ಬಾಚಣಿಗೆಯನ್ನು ಎರಡೆರಡು ಚೂರುಗಳ ಮೇಲೆ ಒಂದೇ ಹದದಲ್ಲಿ ಎಳೆಯಿರಿ. ಎಲ್ಲ ಚೂರುಗಳನ್ನು ಕಲೆಸಿ, ಬಾಚಣಿಗೆ ಎಳೆಯುವುದನ್ನು ನೋಡದ ತಂಗಿಗೋ ಗೆಳೆಯನಿಗೋ ಕೊಡಿ. ಭೂತಗನ್ನಡಿಯಲ್ಲಿ ನೋಡಿ, ಗೆರೆಗೆ ಗೆರೆ ಕೂಡಿಸಿ ಜೋಡಿ ಹುಡುಕಲು ಹೇಳಿ. ಮುರಿದ ಹಲ್ಲು, ಸವೆದ ಹಲ್ಲು, ಹಲ್ಲುಗಳ ನಡುವಿನ ಅಂತರ ಇವೇ ಸುಳಿವು. ಎಷ್ಟು ಜೋಡಿ ಸರಿಯಾಯಿತು, ಎಷ್ಟು ತಪ್ಪಿತು ಎಂದು ಬರೆದಿಡಿ. ತಪ್ಪಿದ್ದನ್ನು ಬರೆಯುವುದು ಸರಿಯಾದದ್ದನ್ನು ಬರೆಯುವಷ್ಟೇ ಮುಖ್ಯ. ವಿಧಿವಿಜ್ಞಾನ ತಜ್ಞನ ಕೆಲಸದ ಸುಖವೂ ಕಷ್ಟವೂ ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತದೆ.

ಎರಡನೆಯ ಪ್ರಯೋಗಕ್ಕೆ ಸಾಮಾನು ಬೇಡ. ಈ ವಾರ ಯಾರಾದರೂ ‘ಅವರು ಹೀಗೆ ಹೇಳಿದರಂತೆ’ ಎಂದು ಒಂದು ಮಾತು ತಂದರೆ ವಹಿಯಲ್ಲಿ ಮೂರು ಸಾಲು ಬರೆಯಿರಿ: ಮಾತು ಎಲ್ಲಿಂದ ಬಂತು, ಯಾರು ಯಾರಿಗೆ ಹೇಳಿದರು, ಯಾವ ಸಂದರ್ಭದಲ್ಲಿ. ಮೂರರಲ್ಲಿ ಒಂದು ಸಾಲು ಖಾಲಿ ಉಳಿದರೂ ಆ ಮಾತನ್ನು ಮುಂದಿನವರಿಗೆ ದಾಟಿಸಬೇಡಿ. ವಿಜ್ಞಾನ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯಲ್ಲಿ 1976ರಲ್ಲಿ ಸೇರಿಸಲಾಯಿತು. ಆ ದೊಡ್ಡ ಮಾತನ್ನು ಮನೆಯಲ್ಲಿ ನಡೆಸಲು ಈ ಮೂರು ಸಾಲು ಸಾಕು.

ಕಲಬುರ್ಗಿಯವರು ತಮ್ಮ ವೃತ್ತಿಜೀವನದಲ್ಲಿ ಎಷ್ಟು ಉತ್ತರಪತ್ರಿಕೆಗಳನ್ನು ತಿದ್ದಿದರೋ ಲೆಕ್ಕವಿಲ್ಲ. ಮಾತನ್ನು ಆಡಿದವರ ಹೆಸರು ತಪ್ಪಾಗಿ ಬರೆದ ವಿದ್ಯಾರ್ಥಿಯನ್ನು ಅವರು ಗದರಿರಬಹುದು, ಅಂಕ ಕಳೆದಿರಬಹುದು, ಮುಂದಿನ ಸಲ ಸರಿಯಾಗಿ ಓದಿಕೊಂಡು ಬಾ ಎಂದಿರಬಹುದು. ಗುರುಗಳು ತಪ್ಪು ಮಾಡಿದವನಿಗೆ ಕೊಡುವ ಶಿಕ್ಷೆ ಅಷ್ಟೇ. ಅದರಿಂದ ಓದು ಬೆಳೆಯುತ್ತದೆ.